ಯಾರೂ ಬಂದಿಲ್ಲ, ನಾನೇ

ಮಹಾರಾಜರ ಕಾಲ. ಮಧುಗಿರಿಯ ನಮ್ಮ ಮನೆಯಲ್ಲಿ ಅವ್ವನಿಗೆ ಮುಟ್ಟು ನಿಂತ ವರ್ಷ ಅವಳ ಮೈಯೆಲ್ಲ ಉರಿಯತೊಡಗಿತು. ಮಾಗಿಯ ಚಳಿಯಲ್ಲೂ ಕತ್ತಿನಿಂದ ಬೆವರಿಳಿಯುತ್ತಿತ್ತು. ಮುದ್ದೆ ತಿರುವುತ್ತಿದ್ದವಳು ಎದ್ದುಹೋಗಿ ತಲೆಗೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು.

ಅವ್ವನ ಒಡಹುಟ್ಟಿದ ಅಕ್ಕ, ನಮ್ಮ ದೊಡ್ಡಮ್ಮ, ಪಾವಗಡದಿಂದ ಬಂದು ನೋಡಿದಳು. "ನಂಗೂ ನಿಂತೋಯ್ತು, ಒಂದು ಹನಿ ಬೆವರು ಬರ್ಲಿಲ್ಲ. ಇದು ಗಾಳಿ ಸೋಕಿರೋದು ಕಣಮ್ಮ," ಅಂದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಇದು ಒಂದೇ ಥರ ಬರುವುದಿಲ್ಲ ಎನ್ನುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ದೆವ್ವ ಬಿಡಿಸುವವನು ಬಂದ. ಅವ್ವನನ್ನು ಅಂಗಳದಲ್ಲಿ ಕೂರಿಸಿ, ಬೇವಿನ ಕೊಂಬೆಯಿಂದ ಹೊಡೆಯುತ್ತ, "ಯಾರು ನೀನು, ಹೇಳು," ಎಂದ.

"ಯಾರೂ ಬಂದಿಲ್ಲ ಕಣಪ್ಪ, ನಾನೇ," ಎಂದಳು ಅವ್ವ.

"ಮೈಮೇಲೆ ಬಂದವ್ರು ಇಂಗೇ ಸುಳ್ಳೇಳೋದು," ಎಂದು ಅವನು ಇನ್ನೂ ಜೋರಾಗಿ ಹೊಡೆದ. ಕೊನೆಗೆ ಅವ್ವ, ಸತ್ತುಹೋಗಿದ್ದ ತನ್ನ ಅತ್ತೆಯ ಹೆಸರು ಹೇಳಿದಳು. ಹೊಡೆತ ನಿಂತಿತು. ಆಮೇಲೆ ಸಾಯುವತನಕ ಅವಳು ಮೈ ಉರಿಯುತ್ತದೆ ಎಂದು ಯಾರ ಹತ್ತಿರವೂ ಹೇಳಲಿಲ್ಲ.

ಈಗ ನನಗೂ ಆ ವಯಸ್ಸು. ಕತ್ತಿಗೆ ಕಾವೇರಿದಾಗಲೆಲ್ಲ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅವತ್ತು ಆ ಕೊಂಬೆ ಮುರಿದು ತಂದುಕೊಟ್ಟವಳು ನಾನೇ.