ಹುರುಳಿ ಹೊಲದಲ್ಲಿ ನಿಲ್ಲದ ಇಂಜಿನ್ನು

ವಿಮಾನ ಹಾರಿಸಬೇಕಾದ ದಿನ ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿರಲಿಲ್ಲ. ನಾನು ರಾಗಿರೊಟ್ಟಿಯನ್ನು ಮುರಿದು ಮುರಿದು ಇಡುವುದನ್ನು ನೋಡಿ ಹೆಂಡತಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಪಾಂಡವಪುರದಲ್ಲಿ ನನ್ನದು ಟ್ರಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ತೊಂಬತ್ತರ ದಶಕದ ನಡುವಿನ ಆ ಕೆಲವು ವರ್ಷ ಗಿರಾಕಿಗಳು ಬೇರಿಂಗು ಕೇಳುವ ಮೊದಲು "ಇವತ್ತು ಮ್ಯಾಲಕ್ಕೋಯ್ತೀರಾ?" ಎಂದು ಕೇಳುತ್ತಿದ್ದರು. ನಾನು ನಕ್ಕು ಬೇರಿಂಗು ಹುಡುಕುತ್ತಿದ್ದೆ. ಬಲು ಗಟ್ಟಿಗ ಎಂದು ಸುತ್ತಮುತ್ತ ಹೆಸರಾಗಿತ್ತು. ಬಾವಿಯ ಕಟ್ಟೆಯ ಮೇಲೆ ಕೂತರೂ ಅಂಗಾಲು ಜುಮ್ಮೆನ್ನುವ ಮನುಷ್ಯ ನಾನು ಎಂಬುದು ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನನ್ನು ಕೊಟ್ಟಿದ್ದು ನಾಗಮಂಗಲದ ಕಡೆಯ ಒಂದು ಹಳ್ಳಿಗೆ. ಭಾವ ವಾಯುಪಡೆಯಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ ಬಂದವರು. ಊರಿಗೆ ಬಂದ ಮೇಲೆ ಹಸು ಕಟ್ಟಿದರು, ಡೇರಿಗೆ ಹಾಲು ಹಾಕಿದರು. ಆದರೆ ಕೈ ಸುಮ್ಮನಿರಲಿಲ್ಲ. ಯಾರೋ ತೋಟದ ಧಣಿಯ ಬಳಿ ಮುರಿದು ಬಿದ್ದಿದ್ದ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದೇಬಿಟ್ಟರು. ಬಟ್ಟೆ ಬಿಗಿದ ರೆಕ್ಕೆ, ಮೂತಿಯಲ್ಲಿ ಫ್ಯಾನು, ಅದರ ಹಿಂದೆ ಮೋಟಾರ್ ಸೈಕಲ್ಲಿನಂತೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಚಿಕ್ಕ ಇಂಜಿನ್ನು. ಬೆಲ್ಲ ಕಾಯಿಸುವುದನ್ನು ನಿಲ್ಲಿಸಿದ್ದ ತಮ್ಮ ಹಳೆಯ ಆಲೆಮನೆಯಲ್ಲೇ ಅದನ್ನು ನಿಲ್ಲಿಸಿಕೊಂಡು, ಕೊಳವೆ ಕೊಳವೆಯಾಗಿ ಬಿಚ್ಚಿ ಮತ್ತೆ ಜೋಡಿಸಿದರು. ಮನೆಯ ಮುಂದಿನ ಹೊಲವನ್ನು ಬೀಳುಬಿಟ್ಟು ಉದ್ದಕ್ಕೆ ಸಮ ಮಾಡಿಸಿದರು. ಕಾಗದ ಪತ್ರಕ್ಕಾಗಿ ಓಡಾಡಿ ಓಡಾಡಿ ಚಪ್ಪಲಿ ಸವೆಸಿದರು. ಎಲ್ಲ ಆಯಿತು ಎನ್ನುವಾಗ, ಲೈಸೆನ್ಸಿಗೆ ಮೊದಲು ಮಾಡುವ ವೈದ್ಯಕೀಯ ಪರೀಕ್ಷೆಯಲ್ಲಿ ಭಾವ ಫೇಲಾದರು. ಸಕ್ಕರೆ ಕಾಯಿಲೆ ಅವರ ಬಲಗಣ್ಣನ್ನು ಆಗಲೇ ಮುಕ್ಕಾಲು ತಿಂದಿತ್ತು.

ಅದಾದ ಮೇಲೆ ಒಂದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದಳು.

"ಬೆಳಿಗ್ಗೆ ಆ ಆಲೆಮನೆಗೋಗಿ ಕುಂತ್ಕತಾರೆ ಕಣ್ಲಾ. ಒರಸ್ತಾರೆ, ಮತ್ತೆ ಕುಂತ್ಕತಾರೆ. ಊಟಕ್ಕೆ ಕರುದ್ರೆ ಓ ಅನ್ನಲ್ಲ," ಎಂದಳು. "ನೀನು ಕಲ್ತ್ಕಳ್ಳಾ. ನೀನು ಓಡುಸ್ಲಾ, ಅವ್ರು ಕೆಳ್ಗಡೆಯಿಂದ ನೋಡ್ಲಿ."

"ನಂಗೆ ಅಟ್ಟ ಅತ್ತಿದ್ರೇ ತಲೆ ತಿರುಗ್ತದೆ ಅಂತ ನಿಂಗೊತ್ತಿಲ್ವಾ ಅಕ್ಕ?"

"ಗೊತ್ತು. ಇನ್ಯಾರ್ನ ಕೇಳ್ಲಿ?"

ಒಪ್ಪಿಕೊಂಡೆ. ತಾಯಿ ಇಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

ಬೆಂಗಳೂರಿನ ಹತ್ತಿರ ಒಂದು ಕ್ಲಬ್ಬಿನಲ್ಲಿ ಕಲಿತೆ. ಶನಿವಾರ ಅಂಗಡಿ ಮುಚ್ಚಿ ಬಸ್ಸು ಹತ್ತುವಾಗಲೇ ಅಂಗೈ ಒದ್ದೆಯಾಗುತ್ತಿತ್ತು. ಕಲಿಸುತ್ತಿದ್ದವರು ಸೈನ್ಯದಿಂದ ಬಂದ ಕೊಡಗಿನ ಕಡೆಯ ಹಿರಿಯರು, ಬಹಳ ಕಡಿಮೆ ಮಾತಿನವರು. "ಹೆದರಿಕೆ ಬಂದರೆ ಬರಲಿ. ಅದನ್ನು ಕೈಗೆ ಇಳಿಯೋಕೆ ಬಿಡಬೇಡಿ," ಎನ್ನುತ್ತಿದ್ದರು. ಪಕ್ಕದಲ್ಲಿ ಅವರಿದ್ದಾಗ ಹೇಗೋ ನಡೆಯುತ್ತಿತ್ತು. ಒಂದು ದಿನ ಇಳಿಸಿ ನಿಲ್ಲಿಸಿದ ಮೇಲೆ ಅವರು ಬೆಲ್ಟು ಬಿಚ್ಚಿ ಕೆಳಗಿಳಿದು, ಬಾಗಿಲು ಹಾಕಿ, ಮುಂದಕ್ಕೆ ಹೋಗು ಎಂದು ಕೈ ತೋರಿಸಿದರು. ಒಬ್ಬನೇ ಮೇಲೆ ಹೋಗಿ ಸುತ್ತು ಹಾಕಿ ಬಂದೆ. ಆ ಸುತ್ತಿನಲ್ಲಿ ಏನು ಕಂಡೆ ಎಂದು ಕೇಳಿದರೆ ಖಾಲಿ ಸೀಟು ಎಂದಷ್ಟೇ ಹೇಳಬಲ್ಲೆ. ಮುಟ್ಟಿ ನೋಡಿದರೆ ಅದಿನ್ನೂ ಬೆಚ್ಚಗಿತ್ತು.

ಲೈಸೆನ್ಸು ಬಂತು. ಅಭ್ಯಾಸವಾದರೆ ಭಯ ಹೋಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಹೋಗಲಿಲ್ಲ. ಭಾವನ ಹೊಲದಿಂದ ಚಕ್ರ ನೆಲ ಬಿಟ್ಟಾಗಲೆಲ್ಲ, ಇಳಿಯಬೇಕಾಗಿ ಬಂದರೆ ಎಲ್ಲಿ ಎಂದು ಬರಿದಾದ ಹೊಲ ಹುಡುಕುತ್ತಿದ್ದೆ. ತೊಣ್ಣೂರು ಕೆರೆಯ ಮೇಲೆ ಗಾಳಿ ಒಮ್ಮೆಗೇ ಕೆಳಕ್ಕೆ ಒತ್ತುತ್ತಿತ್ತು. ಕೆರೆಯ ನೀರು ಎಷ್ಟು ತಿಳಿ ಎಂದರೆ ತಳದ ಬಂಡೆ ಕಾಣುತ್ತಿತ್ತು. ಬಿದ್ದರೆ ಎಲ್ಲಿಗೆ ಹೋಗಿ ಮಲಗುತ್ತೇನೆ ಎಂಬುದೂ ಕಾಣುತ್ತಿತ್ತು. ಕನ್ನಂಬಾಡಿ ಕಟ್ಟೆಯ ಹತ್ತಿರ ಹಾರಕೂಡದೆಂದು ಅಪ್ಪಣೆಯಿದ್ದುದರಿಂದ ಬೆಳಗೊಳದ ಕಡೆ, ಶ್ರೀರಂಗಪಟ್ಟಣದ ಕಡೆ ಮೂತಿ ತಿರುಗಿಸುವಂತಿರಲಿಲ್ಲ. ಎಲ್ಲಿ ತಪ್ಪಿ ಆ ಕಡೆ ಹೋದೇನೋ ಎಂಬುದು ಇನ್ನೊಂದು ಭಯ.

ಭಾವ ಮಾತ್ರ ಬೇರೆಯೇ ಮನುಷ್ಯನಾದರು. ಹಾರುವ ಹಿಂದಿನ ಸಂಜೆ ಇಡೀ ವಿಮಾನವನ್ನು ಬೆರಳಿನಲ್ಲಿ ಓದುತ್ತಿದ್ದರು. ಒಂದೊಂದು ನಟ್ಟು, ಒಂದೊಂದು ಪಿನ್ನು, ರೆಕ್ಕೆಯ ಹೊಲಿಗೆ. ಬೆಲ್ಲದ ವಾಸನೆ ಹೋಗದ ಆ ಆಲೆಮನೆಗೆ ಇರುವೆ, ಇರುವೆಯ ಹಿಂದೆ ಹಲ್ಲಿ, ಹಲ್ಲಿಯ ಹಿಂದೆ ಬೆಕ್ಕು. ಬೆಕ್ಕು ರೆಕ್ಕೆಯ ಮೇಲೆ ಮಲಗಿ ಬಟ್ಟೆಯನ್ನು ಪರಚಿದ್ದು, ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯಲ್ಲಿ ಕಣಜ ಮಣ್ಣು ಮೆತ್ತಿದ್ದು, ಎಲ್ಲವನ್ನೂ ಕಂಡುಹಿಡಿದು ಸರಿ ಮಾಡುತ್ತಿದ್ದರು. ಪೆಟ್ರೋಲನ್ನು ಚರ್ಮದ ತುಂಡಿನಲ್ಲಿ ಸೋಸಿ ಹಾಕುತ್ತಿದ್ದರು. ಕೊನೆಗೆ ಇಂಜಿನ್ನಿನ ಮೇಲೆ ಕೈಯಿಟ್ಟು "ಓಗ್ಬಾ ಬಾಮೈದ" ಎನ್ನುತ್ತಿದ್ದರು.

ಆ ದಿನವೂ ಹಾಗೆಯೇ ಅಂದರು. ಸಂಕ್ರಾಂತಿ ಹತ್ತಿರವಿತ್ತು. ಹೊಲಗಳಲ್ಲಿ ರಾಗಿ ಮೆದೆ ಎದ್ದಿದ್ದವು. ಕೆ.ಆರ್. ಪೇಟೆಯವರೆಗೆ ಹೋಗಿ, ಕಿಕ್ಕೇರಿಯ ಮೇಲೆ ತಿರುಗಿಸಿಕೊಂಡು ಬರುವುದೆಂದು ಮಾತಾಗಿತ್ತು. ನಾನೊಬ್ಬನೇ ಹೊರಟೆ.

ಕಿಕ್ಕೇರಿ ಕೆರೆ ಕಾಣುವ ಹೊತ್ತಿಗೆ ಇಂಜಿನ್ನು ಒಮ್ಮೆ ಕೆಮ್ಮಿತು. ಒಂದೇ ಕ್ಷಣ ಸದ್ದು ಪೂರ್ತಿ ನಿಂತು ಮತ್ತೆ ಬಂತು. ಇನ್ನು ಆಗಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಮತ್ತೊಮ್ಮೆ, ಬೆನ್ನಿಗೇ ಇನ್ನೊಮ್ಮೆ. ಯಾರೋ ಸ್ವಿಚ್ಚನ್ನು ಒತ್ತಿ ಒತ್ತಿ ಆಟವಾಡಿದ ಹಾಗೆ. ಮೂತಿ ಕೆಳಗಾಯಿತು, ಬೆಲ್ಟು ಭುಜವನ್ನು ಹಿಡಿಯಿತು. ಕಾಲು ಗಡಗಡ ನಡುಗುತ್ತಿತ್ತು, ಆದರೆ ಕೈ ಮಾತ್ರ ನಡುಗುತ್ತಿಲ್ಲ ಎಂಬುದನ್ನು ನೋಡಿಕೊಂಡೆ. ಕೆಳಗೆ ತೆಂಗಿನ ತೋಟ, ಕರೆಂಟಿನ ತಂತಿ, ಗದ್ದೆ. ಎಡಕ್ಕೆ ಮಾತ್ರ ರಾಗಿ ಕೊಯ್ದು ಬರಿದಾದ ಉದ್ದನೆಯ ಹೊಲ, ಅದರಾಚೆ ಹಸಿರು ಹುರುಳಿ. ಅದನ್ನೇ ಹಿಡಿದೆ. ತಂತಿ ದಾಟಿದ್ದು ನೆನಪಿಲ್ಲ. ಚಕ್ರ ನೆಲಕ್ಕೆ ಬಡಿದ ಪೆಟ್ಟಿಗೆ ಹಲ್ಲು ಹಲ್ಲಿಗೆ ತಗುಲಿತು. ವಿಮಾನ ಕೊಯ್ದ ರಾಗಿಯ ಕೂಳೆಯ ಮೇಲೆ ಕುಪ್ಪಳಿಸಿಕೊಂಡು ಹೋಗಿ, ಬದು ಹತ್ತಿ ಇಳಿದು, ಹುರುಳಿಯೊಳಗೆ ನುಗ್ಗಿ ನಿಂತಿತು.

ಬದುಕಿದೆ ಅಂದುಕೊಂಡೆ. ಇಂಜಿನ್ನು ಈಗ ಒಂದಿಷ್ಟೂ ಕೆಮ್ಮದೆ ಚೆನ್ನಾಗಿ ಓಡುತ್ತಿತ್ತು. ಸ್ವಿಚ್ಚು ಆಫ್ ಮಾಡಿದೆ.

ನಿಲ್ಲಲಿಲ್ಲ.

ಆನ್ ಮಾಡಿ ಮತ್ತೆ ಆಫ್ ಮಾಡಿದೆ. ಇಂಜಿನ್ನಿಗೆ ಕೇಳಿಸಿಯೇ ಇಲ್ಲವೇನೋ ಎಂಬಂತೆ ಫ್ಯಾನು ತಿರುಗುತ್ತಲೇ ಇತ್ತು. ಸೀಟಿನ ಕೆಳಗೆ ಕೈ ಹಾಕಿ ಪೆಟ್ರೋಲಿನ ಟ್ಯಾಪು ಮುಚ್ಚಿದೆ. ಆದರೆ ಕೊಳವೆಯಲ್ಲಿ ಉಳಿದಿರುವ ಪೆಟ್ರೋಲು ಮುಗಿಯುವ ತನಕ ಅದು ಓಡುತ್ತದೆ ಎಂದು ನನಗೆ ಗೊತ್ತಿತ್ತು. ತಲೆ ಎತ್ತಿ ನೋಡಿದೆ. ರಸ್ತೆಯಲ್ಲಿ ಬಸ್ಸೊಂದು ನಿಂತು, ಅದರಲ್ಲಿದ್ದವರೆಲ್ಲ ಇಳಿದು, ಹೊಲಕ್ಕೆ ಬಿದ್ದು ಓಡಿ ಬರುತ್ತಿದ್ದರು. ಅವರಿನ್ನೂ ದೂರವಿದ್ದರು. ಹತ್ತಿರವಿದ್ದದ್ದು ಒಬ್ಬರೇ, ಹೊಲದ ಯಜಮಾನರು. ವಯಸ್ಸಾದವರು, ತಲೆಗೆ ಟವೆಲ್ಲು ಸುತ್ತಿದ್ದರು. ತಮ್ಮ ಹುರುಳಿಯನ್ನು ತುಳಿದ ಈ ಪ್ರಾಣಿಯ ಕಡೆಗೆ ಬೈಯುತ್ತ, ಕೈ ಬೀಸುತ್ತ, ನೇರ ಮೂತಿಗೇ ನಡೆದು ಬರುತ್ತಿದ್ದರು.

ಜೋರಾಗಿ ತಿರುಗುವ ಫ್ಯಾನು ಕಣ್ಣಿಗೆ ಕಾಣುವುದಿಲ್ಲ. ನನಗೆ ಅವರು ಕಾಣುತ್ತಿದ್ದುದೇ ಅದರ ಮೂಲಕ.

"ನಿಂತ್ಕಳಿ ಯಜಮಾನ್ರೇ, ಬರ್ಬ್ಯಾಡಿ," ಎಂದು ಕಿರುಚಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಎರಡು ಕೈಯನ್ನೂ ಆಡಿಸಿದೆ. ಹೊಲ ತುಳಿದದ್ದಲ್ಲದೆ ತಿರುಗಿ ಜಗಳಕ್ಕೂ ನಿಂತಿದ್ದಾನೆ ಎಂದುಕೊಂಡರೋ ಏನೋ, ಅವರ ಮುಖ ಇನ್ನಷ್ಟು ಕೆಂಪಾಯಿತು, ಹೆಜ್ಜೆ ಬಿರುಸಾಯಿತು. ಇಳಿದು ಓಡಿ ತಡೆಯೋಣವೆಂದರೆ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ವಿಮಾನ ಅವರ ಮೇಲೆಯೇ ಹರಿಯುತ್ತದೆ. ಇಡೀ ಜನ್ಮದಲ್ಲಿ ನಾನು ಹೆದರಿದ್ದೆಲ್ಲ ನಾನು ಬೀಳುತ್ತೇನೆ ಎಂದು. ನನ್ನ ಕೈಯಿಂದ ಇನ್ನೊಬ್ಬರು ಸಾಯುತ್ತಾರೆ ಎಂಬ ಹೆದರಿಕೆ ಬೇರೆ.

ಉಳಿದಿದ್ದು ಒಂದೇ ದಾರಿ. ಬಲಗಡೆಯ ಬ್ರೇಕನ್ನು ಬಿಟ್ಟು, ಎಡಗಡೆಯದನ್ನು ಮಾತ್ರ ತುಳಿದು ಹಿಡಿದು ಇಂಜಿನ್ನನ್ನು ಜೋರು ಮಾಡಿದೆ. ವಿಮಾನ ಒಂದು ಮಾರು ಮುಂದಕ್ಕೆ ಹಾರಿತು. ಆ ಒಂದು ಮಾರು ನನ್ನ ಆಯಸ್ಸಿನಲ್ಲಿ ಎಷ್ಟನ್ನು ತಿಂದಿತೋ. ಆಮೇಲೆ ಮೂತಿ ಎಡಕ್ಕೆ ತಿರುಗತೊಡಗಿತು. ಯಜಮಾನರು ನನ್ನ ಕಣ್ಣಿನ ಮುಂದಿನಿಂದ ಬಲಕ್ಕೆ ಸರಿದರು. ಬಲರೆಕ್ಕೆಯ ತುದಿ ಬೀಸಿಕೊಂಡು ಹೋಗಿ ಅವರ ಭುಜಕ್ಕೆ ತಗುಲಿತು. ಅವರು ಹುರುಳಿಯ ಮೇಲೆ ಕುಕ್ಕರಬಡಿದು ಕೂತರು. ತಿರುಗಿದ ಫ್ಯಾನು ಈಗ ಬಸ್ಸಿನವರ ಕಡೆಗಿತ್ತು. ಅವರು ಬದುವಿನ ಹತ್ತಿರಕ್ಕೆ ಬರುವಷ್ಟರಲ್ಲಿ ಇಂಜಿನ್ನು ಎರಡು ಸಲ ಬಿಕ್ಕಿ ಸತ್ತಿತು.

ಕೆಳಗಿಳಿದೆ. ಅಂಬೆಗಾಲಿಟ್ಟುಕೊಂಡೇ ಅವರ ಹತ್ತಿರ ಹೋದೆ.

"ಯಾವನ್ಲಾ ನೀನು? ನಿಮ್ಮಪ್ಪನ್ ಒಲವಾ ಇದು? ಅದ್ಯಾಕ್ಲಾ ಅಂಗ್ ಬಡ್ಕತಿದ್ದೆ?"

ಫ್ಯಾನಿನ ಕಡೆ ಕೈ ತೋರಿಸಿದೆ. ಅವರು ಎದ್ದು, ಭುಜ ಉಜ್ಜಿಕೊಳ್ಳುತ್ತ ಹೋಗಿ, ನಿಂತಿದ್ದ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ತಿರುಗ್ತಿತ್ತಾ?"

"ಊಂ."

"ನಂಗೇನೂ ಕಾಣ್ನಿಲ್ವಲ್ಲಾ."

ಇನ್ನೊಮ್ಮೆ ಅದರ ಅಂಚು ಮುಟ್ಟಿದರು. ಆಮೇಲೆ ಬಂದು ನನ್ನ ಪಕ್ಕ ಕೂತು, "ವಸಿ ಮಜ್ಜಿಗೆ ತರ್ರಲಾ ಇಲ್ಲಿಗೆ," ಎಂದು ಕೂಗಿದರು. ಒಂದೇ ಚೊಂಬನ್ನು ಇಬ್ಬರೂ ಎತ್ತಿ ಕುಡಿದೆವು, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಸಂಜೆಯವರೆಗೂ ಕೋಲು ಹಿಡಿದು ನಿಂತು ಜನರನ್ನು ವಿಮಾನದಿಂದ ದೂರ ಅಟ್ಟಿದವರು ಅವರೇ. ಬೆಳೆ ಹಾಳಾದ ಮಾತನ್ನು ಮತ್ತೆ ಎತ್ತಲಿಲ್ಲ. ಪೊಲೀಸಿನವರು ಬಂದು ನೋಡಿ, ಬರೆದುಕೊಂಡು ಹೋದರು.

ಕಿಕ್ಕೇರಿಯ ಫೋನ್ ಬೂತಿನಿಂದ ಭಾವನ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಭಾವ, ಅಕ್ಕ ಇಬ್ಬರೂ ಬಸ್ಸಿಳಿದು ಬಂದರು. ಅಕ್ಕ ನನ್ನ ತೋಳು, ಬೆನ್ನು, ತಲೆ ಮುಟ್ಟಿ ಮುಟ್ಟಿ ನೋಡಿದಳು. ಭಾವ ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು ಬಹಳ ಹೊತ್ತು ಬಗ್ಗಿದ್ದರು. ಕೊನೆಗೆ ತುಂಡಾದ ಒಂದು ವೈರನ್ನು ಹಿಡಿದು ತೋರಿಸಿದರು. ಸ್ವಿಚ್ಚಿನಿಂದ ಇಂಜಿನ್ನಿಗೆ ಹೋಗುವ ವೈರು. ಅದು ಕಬ್ಬಿಣಕ್ಕೆ ತಾಗಿದರೆ ಕಿಡಿ ನಿಂತು ಇಂಜಿನ್ನು ನಿಲ್ಲುತ್ತದೆ, ಸ್ವಿಚ್ಚು ಮಾಡುವ ಕೆಲಸವೂ ಅಷ್ಟೇ. ಅದರ ಮೇಲಿನ ರಬ್ಬರು ಒಂದು ಕ್ಲಿಪ್ಪಿನ ಕೆಳಗೆ ಸವೆದು ಹೋಗಿ, ಮೇಲಿದ್ದಾಗ ಆಗಾಗ ಕಬ್ಬಿಣಕ್ಕೆ ತಾಗಿದೆ. ಇಳಿದ ಪೆಟ್ಟಿಗೆ ವೈರೇ ಹರಿದಿದೆ. ಹರಿದ ಮೇಲೆ ಸ್ವಿಚ್ಚಿನಿಂದ ಇಂಜಿನ್ನನ್ನು ನಿಲ್ಲಿಸುವ ದಾರಿಯೇ ಇಲ್ಲ.

"ನಿನ್ನೆ ನೋಡ್ದೆ ಕಣಯ್ಯಾ. ಬೆರಳಾಡುಸ್ದೆ. ಕ್ಲಿಪ್ಪಿನ್ ಅಡಿಗೆ ನಂಗೆ ಕಾಣ್ನಿಲ್ಲ," ಎಂದರು ಭಾವ. ಅಷ್ಟು ದೊಡ್ಡ ಮನುಷ್ಯ ಹೊಲದ ನಡುವೆ ನಿಂತು ಹೆಂಡತಿಯ ಮುಖ ನೋಡಿದರು. "ಇನ್ ಬ್ಯಾಡ. ಇವ್ನ ಕಳ್ಸಾಕೆ ನಂಗೆ ಧೈರ್ಯ ಇಲ್ಲ."

ರೆಕ್ಕೆ ಬಿಚ್ಚಿ, ಟ್ರಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ ವಿಮಾನವನ್ನು ಊರಿಗೆ ತಂದೆವು. ಅದು ಆಲೆಮನೆಯಲ್ಲಿ ಬೇಸಿಗೆ ಕಳೆಯುವ ತನಕ ಹಾಗೇ ಬಿದ್ದಿತ್ತು. ಭಾವ ಮತ್ತೆ ಊಟಕ್ಕೆ ಓಗೊಡದಂತಾದರು. ಒಂದು ದಿನ ನಾನು ಹೋದಾಗ ಅಕ್ಕ ಕೈಯಲ್ಲಿ ಟಾರ್ಚು ಹಿಡಿದು ಇಂಜಿನ್ನಿನೊಳಗೆ ತಲೆ ಹಾಕಿದ್ದಳು. ಭಾವ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, ಅವಳು ನೋಡುತ್ತಿದ್ದಳು.

"ಇಲ್ಲೊಂದು ಕರಿ ವೈರು, ಕೆಂಪು ಪಟ್ಟಿ ಅದೆ."

"ಕ್ಲಿಪ್ ತಗ್ದು ಅಡಿಗೆ ನೋಡು."

"ನೋಡ್ದೆ, ಚೆನ್ನಾಗದೆ."

"ಇನ್ನೊಂದ್ಕಿತ ನೋಡು."

ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ಅವಳದು. ಎಷ್ಟು ಕಾಟ ಕೊಟ್ಟಳೆಂದರೆ, ಅವಳಿಗೆ ಒಪ್ಪಿಗೆಯಾಗದ ವೈರನ್ನೆಲ್ಲ ಭಾವ ಬದಲಾಯಿಸಬೇಕಾಯಿತು. ಪೆಟ್ರೋಲಿನ ಟ್ಯಾಪನ್ನು ಇಂಜಿನ್ನಿನ ಹತ್ತಿರಕ್ಕೆ ತಂದರು, ಮುಚ್ಚಿದ ಕೂಡಲೇ ನಿಲ್ಲುವ ಹಾಗೆ. ಮಳೆಗಾಲ ಕಳೆದ ಮೇಲೆ ನಾನು ಮತ್ತೆ ಹಾರಿದೆ. ಯಾಕೆ ಎಂದು ಹೆಂಡತಿ ಕೇಳಿದಳು. ನಾನು ಹಾರದಿದ್ದರೆ ಅವರಿಬ್ಬರೂ ಆ ವೈರಿನ ಬಳಿಯೇ ನಿಂತುಬಿಡುತ್ತಾರೆ ಅನ್ನಿಸಿತ್ತು. ಇನ್ನೂ ಎರಡು ವರ್ಷ ಹಾರಿದೆ, ಒಂದು ಸಲವೂ ಹೆದರದೆ ಹಾರಲಿಲ್ಲ. ಇಳಿದು ನಿಂತ ಮೇಲೆ ಫ್ಯಾನಿನ ಮುಂದೆ ಯಾರೂ ಇಲ್ಲವೆಂದು ಖಾತ್ರಿಯಾಗುವ ತನಕ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ.

ಭಾವನ ಇನ್ನೊಂದು ಕಣ್ಣೂ ಮಂಜಾದ ವರ್ಷ ವಿಮಾನವನ್ನು ಕೊಟ್ಟುಬಿಟ್ಟೆವು. ಕೊಂಡವರು ತಮಿಳುನಾಡಿನ ಕಡೆಯ ಒಬ್ಬ ಯುವಕ, ಬೇಕಾದ ಅನುಮತಿ ಪಡೆದು ಹಾರಿಸಿಕೊಂಡೇ ಹೋಗುತ್ತೇನೆಂದರು. ಅಕ್ಕ ಟಾರ್ಚು ಹಾಕಿ ಎಲ್ಲ ನೋಡಿ, ಅವರನ್ನೂ ಕರೆದು ತೋರಿಸಿದಳು. ಅವರು ಮೇಲೇರಿದರು. ಸದ್ದು ಕೇಳುವಷ್ಟು ಹೊತ್ತೂ ಭಾವ ತಲೆ ವಾಲಿಸಿ ಕೇಳುತ್ತಿದ್ದರು. ಆಮೇಲೆ ನಾವು ಮೂವರೂ ಪಕ್ಕದ ಮನೆಯ ಜಗಲಿಯ ಮೇಲೆ, ಫೋನಿನ ಹತ್ತಿರ ಕೂತೆವು. ಮಧ್ಯಾಹ್ನ ಕಳೆದು ಫೋನು ಬಂತು. ಅಕ್ಕ ಎತ್ತಿಕೊಂಡು ಕೇಳಿ, "ಇಳುದ್ರಂತೆ," ಎಂದಳು. ಭಾವ ಎದ್ದು ಹಾಲು ಕರೆಯಲು ಹೋದರು.