ಪಲ್ಲವಿ ಊಟ ಬಿಟ್ಟ ಬೇಸಿಗೆ

ಬನಹಟ್ಟಿಯ ಉರಿಬಿಸಿಲು. ಮಗ್ಗದ ಮನೆಯ ತಗಡು ಕಾದು ಕೆಂಡವಾಗಿತ್ತು. ನನ್ನ ಮಗಳು ಸ್ವೆಟರ್ ಹಾಕಿಕೊಂಡು ಕುಳಿತಿದ್ದಳು.

"ಚಳಿ ಆಗಾಕತ್ತೇತಿ ಬೇ," ಎಂದಳು.

ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ. ಕೈ ಹಿಡಿದೆ. ಮಣಿಕಟ್ಟು ನನ್ನ ಎರಡು ಬೆರಳೊಳಗೆ ಸಡಿಲವಾಗಿ ತಿರುಗಿತು.

ಪಲ್ಲವಿಗೆ ಆಗ ಹದಿನಾರು. ಚಿಕ್ಕವಳಿದ್ದಾಗ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಹಂಚಿನಿಂದ ಇಳಿದ ರೊಟ್ಟಿಗೆ ಬೆಣ್ಣೆ ಸವರಿ, ಸೇಂಗಾ ಚಟ್ನಿ ಉದುರಿಸಿ, ಸುರುಳಿ ಸುತ್ತಿ ಕೊಟ್ಟರೆ ಅಂಗಳದಲ್ಲಿ ಕುಣಿಯುತ್ತಲೇ ಮುಗಿಸುತ್ತಿದ್ದಳು. ಬೆಣ್ಣೆ ಮೆತ್ತಿದ ಆ ಗಲ್ಲವನ್ನು ಓಣಿಯವರೆಲ್ಲ ಹಿಂಡಿ ಮುದ್ದು ಮಾಡುತ್ತಿದ್ದರು. ಹತ್ತನೇ ತರಗತಿ ಮುಗಿದ ರಜೆಯಲ್ಲಿ ಅದೇ ಗಲ್ಲ ಅವಳಿಗೆ ಬೇಡವಾಯಿತು. ಊಟಕ್ಕೆ ಕರೆದರೆ, "ಗೆಳತಿ ಮನ್ಯಾಗ ತಿಂದು ಬಂದೇನಿ," ಎನ್ನುತ್ತಿದ್ದಳು. ಮುಟ್ಟೂ ನಿಂತಿತ್ತಂತೆ. ನನಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದಳು.

ಜಮಖಂಡಿಯ ಆಸ್ಪತ್ರೆಗೆ ಓಡಿದೆವು. ಇಸಿಜಿ, ರಕ್ತ ಪರೀಕ್ಷೆ, ಸಲೈನ್. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು.

"ಪಲ್ಸ್ ಭಾಳ ಕಡಿಮಿ ಐತ್ರಿ. ಪೊಟ್ಯಾಸಿಯಂ ಇಳದೈತಿ. ಉಪವಾಸ ಹಾರ್ಟಿಗೆ ತ್ರಾಸ ಕೊಡಾಕತ್ತೈತಿ. ಇದಕ್ಕ ಈಟಿಂಗ್ ಡಿಸಾರ್ಡರ್ ಅಂತೀವಿ. ಹಟ ಅಲ್ರೀ, ಬ್ಯಾನಿ. ಬೈಬ್ಯಾಡ್ರಿ."

ಹದಿನಾರು ವರ್ಷದ ಹೃದಯ.

ವಾರ್ಡಿನಲ್ಲಿ ಪಲ್ಲವಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಒಂದು ಮಧ್ಯಾಹ್ನ ಹಾಗೆಯೇ ಅಂದಳು, "ನೀವೆಲ್ಲಾ ಸುಳ್ಳ ಹೇಳ್ತೀರಿ. ನಾ ದಪ್ಪ ಅದೇನಿ."

ನಾನು ನನ್ನ ತವರು ಚಿಮ್ಮಡದ ಮಾತು ತೆಗೆದೆ. ನಮ್ಮ ಮನೆಯಲ್ಲಿದ್ದದ್ದು ಅಂಗೈಯಗಲದ ಒಂದೇ ಕನ್ನಡಿ. ಕುಂಕುಮ ನೆಟ್ಟಗೆ ಬಂದಿತೇ ಎಂದು ನೋಡಿಕೊಂಡು ಶಾಲೆಗೆ ಓಡುತ್ತಿದ್ದೆವು. ಆದರೆ ಪಕ್ಕದ ಮನೆಯ ಟಿವಿಯಲ್ಲಿ ಬೆಳ್ಳಗಾಗುವ ಕ್ರೀಮಿನ ಜಾಹೀರಾತು ನೋಡಿ, ಅವ್ವನನ್ನು ಕಾಡಿ ಬೇಡಿ ಅದನ್ನು ತರಿಸಿಕೊಂಡಿದ್ದೆ.

ಪಲ್ಲವಿ ಈ ಕಡೆ ತಿರುಗಿದಳು. "ಬೆಳ್ಳಗಾದ್ಯಾ?"

"ಎಲ್ಲೀದು! ಮಾರಿ ತುಂಬ ಮೊಡವಿ ಎದ್ದೂವು."

ನಕ್ಕಳು. ಎಷ್ಟೋ ದಿನಗಳ ನಂತರದ ನಗು. ಆಮೇಲೆ ತಾನಾಗಿಯೇ ಮೊಬೈಲನ್ನು ನನ್ನ ಕೈಗಿಟ್ಟಳು. ಸರಿಸಿದಷ್ಟೂ ಅದೇ ಸಣ್ಣ ನಡು, ಅದೇ ಎದ್ದು ಕಾಣುವ ಭುಜದ ಎಲುಬು, ಇಡೀ ದಿನಕ್ಕೆ ಒಂದೇ ಸೇಬು ತಿಂದೆನೆಂದು ಹೆಮ್ಮೆಪಡುವ ಹುಡುಗಿಯರು.

"ಯಾರಿವರು?"

"ಗೊತ್ತಿಲ್ಲ ಬೇ. ಒಂದು ನೋಡಿದ್ರ ಹತ್ತು ಬರ್ತಾವು."

ನಮ್ಮ ಕಾಲದ ಟಿವಿ ನೆರೆಮನೆಯಲ್ಲೇ ಉಳಿಯುತ್ತಿತ್ತು. ಇದು ಅವಳ ಹಾಸಿಗೆಯೊಳಗೇ ಬಂದಿತ್ತು.

ಗಂಜಿಯಿಂದ ಶುರುವಾಯಿತು. ಮನೆಗೆ ಬಂದ ಮೇಲೆ ಅರ್ಧ ರೊಟ್ಟಿ. ವಾರಕ್ಕೊಮ್ಮೆ ಕೌನ್ಸೆಲಿಂಗ್. ಊಟದ ಹೊತ್ತಿಗೆ ಅವಳಪ್ಪ ಮಗ್ಗ ನಿಲ್ಲಿಸಿ ಬಂದು ಕೂರುತ್ತಿದ್ದರು. ಮೂವರ ಮೊಬೈಲೂ ಗೋಡೆಯ ಮಾಡದಲ್ಲಿ. ಕೆಲವು ದಿನ ತಟ್ಟೆ ದೂಡಿ ಅತ್ತಳು. ಅಂಥ ದಿನ ನಾನೂ ಒಳಗೆ ಹೋಗಿ ಅತ್ತೆ. ನಿಧಾನವಾಗಿ ಪಲ್ಸ್ ಏರಿತು. ಮುಟ್ಟು ಮರಳಿತು. ಪೂರ್ತಿ ವಾಸಿಯಾದಳೆಂದು ಡಾಕ್ಟರಮ್ಮ ಈಗಲೂ ಹೇಳುವುದಿಲ್ಲ.

ಮೊನ್ನೆ ಸಂಜೆ ಕಾಲೇಜಿನಿಂದ ಬಂದವಳು ಊಟ ಬೇಡವೆಂದಳು. ಬಡಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ.

"ಯಾಕವ್ವಾ?"

"ಗೆಳತ್ಯಾರ ಜೋಡಿ ಗಿರಮಿಟ್ಟು ತಿಂದೇನಿ. ಮ್ಯಾಲ ಎರಡು ಮಿರ್ಚಿ ಭಜಿ. ಖರೇನ ಬೇ."

ಖಾರಕ್ಕೆ ಅವಳ ಮೂಗು ಇನ್ನೂ ಸೋರುತ್ತಿತ್ತು. ನಂಬಿದೆ.