ಬಸ್ ಸ್ಟ್ಯಾಂಡ್ ತನಕ ಹೊತ್ತ ಡಬ್ಬಿ

ಕಳೆದ ವಾರ ಗಿಟಾರಿನ ವೈರು ಕಿತ್ತುಬಂತೆಂದು ನಾನೇ ಬೆಸುಗೆ ಹಾಕಲು ಕೂತೆ. ಕಾದ ತುದಿ ರಾಳಕ್ಕೆ ತಾಗಿ ತೆಳ್ಳಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು. ರಾಯಚೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಕೆಟ್ಟ ಮೈಕು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದರು, ಹಳೆಯವನ್ನು ಸರಿಮಾಡಿ ಮಾರುತ್ತಲೂ ಇದ್ದರು. ನನಗೆ ರಕ್ತಸಂಬಂಧಿಯೇನಲ್ಲ. ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಅಂದೆ...

ಆಗ ನಾನು ಮದುವೆ ಆರ್ಕೆಸ್ಟ್ರಾವೊಂದರಲ್ಲಿ ಹೊಸದಾಗಿ ಗಿಟಾರ್ ಬಾರಿಸುತ್ತಿದ್ದೆ. ಇವತ್ತು ಮಾನ್ವಿ, ನಾಳೆ ದೇವದುರ್ಗ, ನಾಡಿದ್ದು ಇನ್ನಾವುದೋ ಹಳ್ಳಿ. ಡ್ರಮ್ಮು, ಕೀಬೋರ್ಡು ಟೆಂಪೋದಲ್ಲಿ ಹೋಗುತ್ತಿದ್ದವು. ಅದರಲ್ಲಿ ನನಗೆ ಜಾಗವಿರಲಿಲ್ಲ, ನನ್ನದು ಬಸ್ಸೇ. ಹೆಗಲಿಗೆ ಗಿಟಾರ್, ಕೈಯಲ್ಲಿ ಆಂಪ್ಲಿಫೈಯರ್ ಡಬ್ಬಿ. ಆ ಡಬ್ಬಿ ಕೊಳ್ಳಲೆಂದೇ ಕಾಕಾ ಅಂಗಡಿಗೆ ಹೋಗಿದ್ದೆ.

ಅವರದೊಂದು ಕಟ್ಟಳೆ ಇತ್ತು. ಡಬ್ಬಿ ಕೇಳಿ ಬಂದವರಿಗೆ ಮೊದಲು ಸೌಂಡು ಕೇಳಿಸುತ್ತಿರಲಿಲ್ಲ. ಅದನ್ನು ಹೊತ್ತುಕೊಂಡು ಬಸ್ ಸ್ಟ್ಯಾಂಡ್ ತನಕ ಹೋಗಿ ಬರಬೇಕು. ವಾಪಸ್ ಬಂದು ಇಳಿಸಿದ ಕೂಡಲೇ "ಕೈ ಚಾಚು" ಎನ್ನುವರು. ಬೆರಳು ನಡುಗಿದರೆ ಆ ಡಬ್ಬಿ ಮತ್ತೆ ಮೂಲೆಗೆ. ನೀವು ಎಷ್ಟೇ ದುಡ್ಡು ಹಿಡಿದು ನಿಂತಿರಿ, ಕೊಡುತ್ತಿರಲಿಲ್ಲ. ಹುಚ್ಚು ಮುದುಕ ಎಂದು ಬೈದುಕೊಂಡು ಹೋದವರನ್ನು ನಾನೇ ನೋಡಿದ್ದೇನೆ.

ನನ್ನ ಕಣ್ಣು ಬಿದ್ದದ್ದು ನನ್ನ ಸೊಂಟದೆತ್ತರದ ಒಂದು ಕರಿ ಡಬ್ಬಿಯ ಮೇಲೆ. ಹೋಗಿ ಬರುವಷ್ಟರಲ್ಲಿ ಕೈ ಬದಲಿಸಿದ್ದಕ್ಕೆ ಲೆಕ್ಕವಿಲ್ಲ. ಕೈ ಚಾಚಿದರೆ ಬೆರಳು ಜ್ವರ ಬಂದವರ ಹಾಗೆ ನಡುಗಿದವು.

"ಇದು ನಿನಗಲ್ಲ," ಅಂದರು.

"ಸ್ಟೇಜ್ ಮ್ಯಾಲೆ ದೊಡ್ಡದು ಕಾಣಬೇಕ್ರಿ ಕಾಕಾ. ಮಂದಿ ಡಬ್ಬಿ ನೋಡೇ ಬೆಲಿ ಕೊಡ್ತಾರ."

"ಮಂದಿಗೆ ಸೌಂಡು ಪೆಂಡಾಲಿನವನ ಸ್ಪೀಕರು ಕೊಡ್ತಾವ ತಮ್ಮಾ. ನಿನ್ನ ಡಬ್ಬಿ ನಿನ್ನ ಕಿವಿಗಷ್ಟ. ಮೊದಲು ಕೈ ಉಳಿಸ್ಕೊ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೈದರಾಬಾದಿಗೆ ಹೋಗಿ ಅದಕ್ಕಿಂತ ದೊಡ್ಡದನ್ನೇ ತಂದೆ. ಆಮೇಲೆ ಆ ಗಲ್ಲಿಯ ಕಡೆ ತಲೆ ಹಾಕಲಿಲ್ಲ, ಹೋಗುವ ಮುಖವೂ ಇರಲಿಲ್ಲ.

ಜಾಲಹಳ್ಳಿಯಲ್ಲಿ ಒಂದು ಮದುವೆ. ಬಸ್ಸು ತಡವಾಯಿತು. ಇಳಿದವನೇ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಡಬ್ಬಿ ಹೊತ್ತು ಪೆಂಡಾಲಿಗೆ ಓಡಿದೆ. ಅಕ್ಷತೆ ಮುಗಿದಿತ್ತು, ಊಟದ ಪಂಕ್ತಿ ಕೂತಿತ್ತು. ಉಸಿರು ತಿರುಗಿಸಿಕೊಳ್ಳಲೂ ಬಿಡದೆ ಹಾಡು ಶುರು ಮಾಡಿದರು. ಆರಂಭದ ತುಣುಕು ಗಿಟಾರಿನದೇ, ನಾನೊಬ್ಬನೇ ಬಾರಿಸಬೇಕು. ಬೆರಳು ಎಲ್ಲಿ ಒತ್ತುತ್ತಿವೆ ಎಂದು ನನಗೇ ತಿಳಿಯಲಿಲ್ಲ. ಎರಡು ಸಲ ತಪ್ಪಿತು. ಮೂರನೆಯ ಸಲ ಕೀಬೋರ್ಡಿನವನು ಒಂದು ಗುಂಡಿ ಒತ್ತಿ, ಗಿಟಾರಿನ ಸದ್ದಿನಲ್ಲೇ ಆ ತುಣುಕು ಮುಗಿಸಿಬಿಟ್ಟ. ಪಂಕ್ತಿಯಲ್ಲಿದ್ದ ಒಬ್ಬರೂ ತಲೆ ಎತ್ತಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಆಗಲೇ.

ನಮ್ಮ ಆರ್ಕೆಸ್ಟ್ರಾದ ಮಾಲಕರೇ ಹಾಡುಗಾರರು. ಸ್ಟೇಜಿನಿಂದ ಇಳಿಯುತ್ತಾ ಮೆತ್ತಗೆ ಅಂದರು: "ಗಿಟಾರ್ ಕೀಬೋರ್ಡಿನ್ಯಾಗೂ ಬರ್ತದಪ್ಪ. ಮಾನ್ವಿ ಪ್ರೋಗ್ರಾಂ ಒಂದು ನೋಡ್ತೀನಿ."

ಮರುದಿನ ಕಾಕಾ ಅಂಗಡಿಯ ಮುಂದೆ ನಿಂತಿದ್ದೆ. ಬೈಯುತ್ತಾರೆಂದು ಸಿದ್ಧನಾಗಿಯೇ ಹೋಗಿದ್ದೆ. ಅವರು ನನ್ನ ಮುಖ ನೋಡಿ, "ಕೈ ಚಾಚು" ಅಂದರು, ಅಷ್ಟೇ. ಹಿಡಿಕೆ ಒತ್ತಿ ಅಂಗೈ ಅಡ್ಡಕ್ಕೆ ಕೆಂಪಗೆ ಗೆರೆ ಬಿದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ತಮ್ಮ ಎಡಗೈ ತೋರಿಸಿದರು. ಕೊನೆಯ ಎರಡು ಬೆರಳು ಪೂರ್ತಿ ನೇರವಾಗುತ್ತಿರಲಿಲ್ಲ. ಮೊದಲು ಬಂದಾಗಲೂ ಆ ಕೈ ಎದುರಿಗೇ ಇತ್ತು, ನಾನು ಗಮನಿಸಿರಲಿಲ್ಲ.

"ನಾನೂ ಬ್ಯಾಂಜೋ ಬಾರಿಸ್ತಿದ್ದೆ," ಅಂದರು. "ಅರಕೇರಾ, ಗಬ್ಬೂರು ಕಡಿ ಭಜನಿಗೆ ಹೋಗಾವಾಗ ಬ್ಯಾಟರಿ, ಸೌಂಡಿನ ಮಷೀನು ಎಲ್ಲಾ ನಾನೇ ಹೊರೋದು. ಕೈ ಹೋತು. ಬಾರಿಸೋದು ಬಿಟ್ಟೆ, ರಿಪೇರಿ ಹಿಡಿದೆ."

ಇದನ್ನು ಅವರು ಹೇಳಿದ್ದು ಅದೊಂದೇ ಸಲ.

ನನ್ನ ದೊಡ್ಡ ಡಬ್ಬಿಯನ್ನು ಒಬ್ಬ ಪೆಂಡಾಲಿನವರಿಗೆ ಅವರೇ ಮಾರಿಸಿಕೊಟ್ಟರು. ಮೂಲೆಯಿಂದ ಒಂದು ಸಣ್ಣ ಹಳೆ ಆಂಪ್ಲಿಫೈಯರ್ ತೆಗೆದು, ಅದರ ದಪ್ಪ ಹಲಗೆಯ ಕವಚ ಬಿಚ್ಚಿ ತೆಳು ಪ್ಲೈವುಡ್ಡಿನದು ಕೂರಿಸಿದರು. ಹಿಂದುಗಡೆ ಪೆಂಡಾಲಿನ ಮಿಕ್ಸರಿಗೆ ವೈರು ಸಿಕ್ಕಿಸಲು ಒಂದು ತೂತು ಕೊರೆದು ಸಾಕೆಟ್ಟು ಬೆಸೆದರು. ಸ್ಟೇಜಿನ ಮೇಲೆ ಅದಕ್ಕೆ ಒಂದು ಇಟ್ಟಿಗೆ ಕೊಟ್ಟು ಮೇಲ್ಮುಖವಾಗಿ ವಾಲಿಸಿಡು ಎಂದರು. "ನಿನ್ನ ಕಿವಿ ಮಣಕಾಲಾಗ ಇಲ್ಲಲಾ?" ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆ. ಕೈ ನಡುಗಲಿಲ್ಲ. ಕೊಟ್ಟ ಬೆಲೆ ಹೈದರಾಬಾದಿನ ಡಬ್ಬಿಯ ಕಾಲುಭಾಗವೂ ಅಲ್ಲ.

ಮಾನ್ವಿಯಲ್ಲಿ ಕೀಬೋರ್ಡಿನವನು ಅದನ್ನು ನೋಡಿ, "ಏನಲೇ, ಊಟದ ಡಬ್ಬಿ ತಂದಿಯೇನು?" ಎಂದು ನಕ್ಕ. ನಗಲಿ ಬಿಡು ಅಂದುಕೊಂಡೆ. ಆ ದಿನ ಆರಂಭದ ತುಣುಕಿನಲ್ಲಿ ಒಂದು ಸ್ವರವೂ ತಪ್ಪಲಿಲ್ಲ. ಮಾಲಕರು ಪೋತ್ನಾಳದ ಮದುವೆಯ ದಿನ ಹೇಳಿ ಹೋದರು. ನನ್ನ ಜಾಗ ಉಳಿದಿತ್ತು. ಇವತ್ತಿಗೂ ಅದೇ ಕೈಯಿಂದ ಉಣ್ಣುತ್ತಿದ್ದೇನೆ.

ಕಾಕಾ ತೀರಿಕೊಂಡಾಗ ನಾನು ದೇವದುರ್ಗದಲ್ಲಿ ಒಂದು ಪ್ರೋಗ್ರಾಮಿನಲ್ಲಿದ್ದೆ. ಸುದ್ದಿ ಗೊತ್ತಾದದ್ದು ಮೂರು ದಿನದ ಮೇಲೆ. ಮಣ್ಣಿಗೂ ಹೋಗಲಾಗಲಿಲ್ಲ ಎಂಬ ಸಂಕಟ ಈಗಲೂ ಇದೆ...

ಆ ಸಣ್ಣ ಡಬ್ಬಿ ಈ ವರ್ಷ ಪೂರ್ತಿ ಕೈಕೊಟ್ಟಿತು. ವೈರು ಬೆಸೆದ ಮರುದಿನ ಹೊಸದು ಕೊಳ್ಳಲು ರಾಯಚೂರಿನ ಒಂದು ದೊಡ್ಡ ಅಂಗಡಿಗೆ ಹೋದೆ. ಮಾರುವವನು ಗಿಟಾರ್ ಸಿಕ್ಕಿಸಿ ಸೌಂಡು ಕೇಳಿಸಲು ಬಂದ. ಆಮೇಲೆ ಕೇಳುತ್ತೇನೆ ಎಂದು ಗಿಟಾರನ್ನು ಅವನ ಬಳಿಯೇ ಬಿಟ್ಟು, ಡಬ್ಬಿ ಎತ್ತಿಕೊಂಡು ಹೊರಗೆ ನಡೆದೆ. "ಅಣ್ಣಾ, ಎಲ್ಲಿ ಒಯ್ಯಾಕತ್ತೀರಿ?" ಎಂದು ಅವನು ಬಾಗಿಲ ತನಕ ಹಿಂದೆ ಬಂದ. ಬಸ್ ಸ್ಟ್ಯಾಂಡ್ ತನಕ ಹೋಗಿ, ವಾಪಸ್ ಬರುವಾಗ ಆ ಗಲ್ಲಿಗೆ ತಿರುಗಿದೆ. ಕಾಕಾ ಅಂಗಡಿ ಇದ್ದಲ್ಲಿ ಈಗ ಮೊಬೈಲಿನದು. ಅದರ ಮೆಟ್ಟಿಲ ಮೇಲೆ ಡಬ್ಬಿ ಇಳಿಸಿ, ಯಾರೂ ಕೇಳದಿದ್ದರೂ ಕೈ ಚಾಚಿದೆ.

ಬೆರಳು ನಡುಗಲಿಲ್ಲ. ಒಳಗಿದ್ದವನು ಏನೋ ಕೊಡಬೇಕೆಂದು ತಿಳಿದು, "ಏನು ಬೇಕ್ರಿ?" ಅಂದ.

"ಏನಿಲ್ಲಪ್ಪ," ಅಂದೆ. ಡಬ್ಬಿ ಎತ್ತಿಕೊಂಡೆ.